ಕೆಂಪು ತುದಿ

ಟಕ್.

ಬಾನೆಟ್ಟಿನ ಕೆಳಗಿನಿಂದ ಆ ಸದ್ದು ಬಂದ ಕೂಡಲೇ ತಣ್ಣಪ್ಪ ಕಣ್ಣು ಮುಚ್ಚಿ ಎಣಿಸತೊಡಗಿದ. ಏಸಿ ಕಂಪ್ರೆಸರಿನ ಕ್ಲಚ್ಚು ಗಾಲಿಯನ್ನು ಹಿಡಿದುಕೊಂಡಾಗ ಬರುವ ಸದ್ದು ಅದು. ಹಿಡಿದದ್ದು ಸ್ವಲ್ಪ ಹೊತ್ತಿಗೆ ಬಿಡಬೇಕು, ಬಿಟ್ಟಾಗ ಇನ್ನೊಂದು ಟಕ್ ಕೇಳಬೇಕು. ಎರಡು ಸದ್ದುಗಳ ನಡುವಿನ ಹೊತ್ತಿನಲ್ಲೇ ಗಾಡಿಯ ಅರ್ಧ ಕಾಯಿಲೆ ಅವನಿಗೆ ತಿಳಿದುಹೋಗುತ್ತಿತ್ತು. ಈ ಕಾರು ಮಾತ್ರ ಹಿಡಿದದ್ದನ್ನು ಬಿಡುವ ಹಾಗೆ ಕಾಣಲಿಲ್ಲ. ಎಣಿಕೆ ನೂರು ದಾಟಿತು, ನೂರೈವತ್ತು ದಾಟಿತು. ಎರಡನೆಯ ಸದ್ದು ಬರಲೇ ಇಲ್ಲ.

"ಬಾಲ ಜಾರಿದೆ," ಎಂದ, ಕಣ್ಣು ತೆರೆದು.

ಕಾರಿನ ಮಾಲೀಕ, ಪಕ್ಕದ ಬೀದಿಯ ಕನ್ನಡಕದ ಅಂಗಡಿಯವನು, ಗಾಬರಿಯಾದ. "ಯಾರ ಬಾಲ?"

"ನಿಮ್ದಲ್ಲ ಬಿಡಿ, ಥರ್ಮೋಸ್ಟಾಟಿಂದು. ತಾಮ್ರದ ಎಳೆ, ಇಲಿ ಬಾಲದಷ್ಟು ಸಣ್ಣದು. ಅದನ್ನ ಕೂಲಿಂಗ್ ಕಾಯಿಲ್ ಒಳಗೆ ಸಿಕ್ಕಿಸಿರ್ತಾರೆ. ಕಾಯಿಲ್ ಇನ್ನೇನು ಮಂಜಾಗುತ್ತೆ ಅನ್ನೋವಾಗ ಬಾಲ ಹೇಳ್ಬೇಕು, ಸಾಕು ನಿಲ್ಸಪ್ಪ ಅಂತ. ಆಗ ಕ್ಲಚ್ ಬಿಡುತ್ತೆ. ನಿಮ್ಮದು ಹೊರಗೆ ಬಂದು ನೇತಾಡ್ತಿದೆ. ಅದಕ್ಕೇನು ಗೊತ್ತಾಗುತ್ತೆ ಒಳಗಿನ ಸಂಕಟ?"

"ಅದಕ್ಕೇನಾ ಅರ್ಧ ಗಂಟೆ ಓಡ್ಸಿದ್ರೆ ಗಾಳಿನೇ ಬರಲ್ಲ ಅಂತಿದ್ದದ್ದು?"

"ಮತ್ತೆ? ಕಾಯಿಲ್ ತುಂಬ ಮಂಜುಗಡ್ಡೆ ಕಟ್ಟಿದ್ರೆ ಗಾಳಿ ಎಲ್ಲಿಂದ ತೂರಿ ಬರ್ಬೇಕು?"

ತಣ್ಣಪ್ಪ ಎನ್ನುವುದು ಊರವರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟದ್ದು ಬೇರೆಯೇ, ಆ ಹೆಸರು ಹಿಡಿದು ಈಗ ಕರೆಯುವವರು ಯಾರೂ ಇರಲಿಲ್ಲ. ಮೂವತ್ತು ವರ್ಷದಿಂದ ಅವನು ಹಳೆಯ ಗಾಡಿಗಳ ಏಸಿ ರಿಪೇರಿ ಮಾಡಿಕೊಂಡು ಬಂದಿದ್ದ. ಹೊಸ ಗಾಡಿಗಳಲ್ಲಿ ಇಷ್ಟು ಡಿಗ್ರಿ ಎಂದು ಗುಂಡಿ ಒತ್ತಿದರೆ ಉಳಿದದ್ದನ್ನು ಗಾಡಿಯೇ ನೋಡಿಕೊಳ್ಳುತ್ತದೆ. ಹಳೆಯ ಗಾಡಿಗೆ ಡಿಗ್ರಿ ಎಂದರೇನೆಂದು ಗೊತ್ತಿಲ್ಲ. ತನ್ನ ಕಾಯಿಲ್ ಹೆಪ್ಪುಗಟ್ಟದಿದ್ದರೆ ಅದಕ್ಕೆ ಸಾಕು. ಒಳಗೆ ಕೂತವರಿಗೆ ಚಳಿಯೋ ಸೆಕೆಯೋ ಎಂದು ಕೇಳುವ ಗೋಜಿಗೆ ಅದು ಹೋಗುವುದಿಲ್ಲ. ಅದನ್ನು ಕೂತವರೇ ಕೈಯಿಂದ ಸರಿಮಾಡಿಕೊಳ್ಳಬೇಕು. ಅದಕ್ಕೆಂದೇ ಡ್ಯಾಶ್‌ಬೋರ್ಡಿನಲ್ಲಿ ಸರಿಸುವ ಹಿಡಿಯೊಂದು ಇರುತ್ತದೆ, ಒಂದು ತುದಿಯಲ್ಲಿ ನೀಲಿ ಗೆರೆ, ಇನ್ನೊಂದು ತುದಿಯಲ್ಲಿ ಕೆಂಪು.

ಹಿಡಿಯನ್ನು ಕೆಂಪಿನ ಕಡೆಗೆ ಸರಿಸಿದರೆ ಯಂತ್ರ ತಣ್ಣಗೆ ಮಾಡುವುದನ್ನು ಕಡಿಮೆ ಮಾಡುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಯಂತ್ರ ತನ್ನ ಪಾಡಿಗೆ ತಾನು ಪೂರ್ತಿ ತಣ್ಣಗೆ ಮಾಡುತ್ತಲೇ ಇರುತ್ತದೆ. ಆ ತಣ್ಣನೆ ಗಾಳಿಯ ದಾರಿಯಲ್ಲಿ ಎಂಜಿನ್ನಿನ ಬಿಸಿನೀರು ಹರಿಯುವ ಇನ್ನೊಂದು ಕಾಯಿಲ್ ಇದೆ, ಅದು ಹೀಟರಿನದು. ಎರಡರ ನಡುವೆ ಅಂಗೈ ಅಗಲದ ಒಂದು ಬಾಗಿಲು. ಹಿಡಿಗೆ ಸಿಕ್ಕಿಸಿದ ಕೇಬಲ್ ಆ ಬಾಗಿಲನ್ನು ತಿರುಗಿಸುತ್ತದೆ. ಬಾಗಿಲು ಎಷ್ಟು ತೆರೆಯಿತೋ ಅಷ್ಟು ಗಾಳಿ ಬಿಸಿ ಕಾಯಿಲನ್ನು ಸವರಿಕೊಂಡು ಬರುತ್ತದೆ, ಮಿಕ್ಕದ್ದು ನೇರವಾಗಿ ಬರುತ್ತದೆ, ಎರಡೂ ಬೆರೆತು ಮುಖಕ್ಕೆ ತಾಗುತ್ತದೆ.

ತಣ್ಣಪ್ಪ ಹೆಸರು ಮಾಡಿದ್ದು ಈ ಬಾಗಿಲನ್ನು ಕೊಂದು. ಹೀಟರ್ ಕಾಯಿಲ್ ಸೋರತೊಡಗಿದ ಗಾಡಿ ಬಂದರೆ ಅವನು ಅದನ್ನು ಕಿತ್ತು ಬಿಸಾಡುತ್ತಿದ್ದ. ಅದರ ಎರಡು ಹೋಸ್ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಬಿಸಿನೀರಿನ ದಾರಿ ತಪ್ಪಿಸುತ್ತಿದ್ದ. ಆಮೇಲೆ ಬಾಗಿಲನ್ನು ನೀಲಿ ತುದಿಗೆ ಎಳೆದು ತಂತಿಯಿಂದ ಬಿಗಿದುಬಿಡುತ್ತಿದ್ದ. ಬಿಸಿಯ ಒಂದು ಎಳೆಯೂ ಬೆರೆಯದ ಗಾಳಿ! ಬೇಸಿಗೆಯಲ್ಲಿ ಗಾಡಿಯವರು ಅವನ ಬೆನ್ನು ತಟ್ಟಿ ಹೋಗುತ್ತಿದ್ದರು. ಬರಬರುತ್ತ ಕಾಯಿಲ್ ನೆಟ್ಟಗಿದ್ದವರೂ "ನಮಗೂ ತಣ್ಣಪ್ಪನ ಕಟ್ಟು ಹಾಕಿಕೊಡಿ" ಎಂದು ಕೇಳಿ ಹಾಕಿಸಿಕೊಂಡು ಹೋದರು. ಊರಿನ ಹಳೆಯ ಗಾಡಿಗಳಲ್ಲಿ ಹತ್ತಕ್ಕೆ ಎಂಟರ ಹೊಟ್ಟೆಯೊಳಗೆ ಅವನ ತಂತಿ ಇತ್ತು.

ಕನ್ನಡಕದ ಅಂಗಡಿಯವನ ಕಾರಿನ ಬಾಲವನ್ನು ಅವನು ಮತ್ತೆ ಕಾಯಿಲಿನ ಎಲೆಗಳ ನಡುವೆ ಸಿಕ್ಕಿಸುತ್ತಿದ್ದಾಗ ಆಸ್ಪತ್ರೆಯ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಡಯಾಲಿಸಿಸ್ಸಿಗೆ ಹೋಗುವವರನ್ನು ಮನೆಮನೆಯಿಂದ ಹತ್ತಿಸಿಕೊಂಡು ಹೋಗಿ, ಮತ್ತೆ ಮನೆಗೆ ಬಿಡುವ ಆರು ಸೀಟಿನ ಮುದಿ ವ್ಯಾನು. ಅದರಲ್ಲಿ ವಾರಕ್ಕೆ ಮೂರು ದಿನ ಓಡಾಡುವವರಲ್ಲಿ ತಣ್ಣಪ್ಪನ ಅಕ್ಕನೂ ಒಬ್ಬಳು. ಡ್ರೈವರು ಎಂದಿನಂತೆ ತಮಾಷೆ ಮಾಡದೆ ಇಳಿದು ಬಂದ.

"ಮೇಸ್ತ್ರಿ, ಒಂದು ಮಾತು. ನಿಮ್ಮಕ್ಕ ಬುಧವಾರದಿಂದ ಮನೆ ಮುಂದೆ ಹಾರ್ನ್ ಹೊಡೀಬೇಡ ಅಂದ್ರು."

"ಹಾಗಂದ್ರೆ?"

"ಸೋಮವಾರ ಒಂದಿನ ಬರ್ತಾರಂತೆ. ಆಮೇಲೆ ಬರಲ್ವಂತೆ. ಚಳಿ ತಡೆಯಕ್ಕಾಗಲ್ಲ ಅಂದ್ರು. ಇವತ್ತು ಬರೋವಾಗ ಹಲ್ಲು ಕಟಕಟ ಅಂತಿತ್ತು, ನಂಗೆ ಮುಂದೆ ಕೇಳಿಸ್ತಿತ್ತು."

"ಏಸಿ ಆರಿಸೋದಪ್ಪ!"

"ಆರಿಸ್ತೀನಿ, ಆಮೇಲೆ ನೀವು ಬಂದು ಗಾಡಿ ಓಡಿಸ್ತೀರಾ? ತಿಂಗಳಿಂದ ಮಳೆ ಬಿಟ್ಟಿಲ್ಲ. ಆರಿಸಿದ ಎರಡು ನಿಮಿಷಕ್ಕೆ ಗಾಜು ಹಾಲಿನ ಥರ ಆಗುತ್ತೆ. ಒಂದು ಕೈಲಿ ಬಟ್ಟೆ, ಒಂದು ಕೈಲಿ ಸ್ಟೇರಿಂಗು. ಹೋದ ವಾರ ಎಮ್ಮೆಗೆ ಗುದ್ದಿ ಬಿಡ್ತಿದ್ದೆ. ಏಸಿ ಹಾಕಿ ಸ್ವಲ್ಪ ಬಿಸಿ ಬೆರೆಸಿದ್ರೆ ಗಾಜೂ ಒಣಗುತ್ತೆ, ಅವರೂ ಬೆಚ್ಚಗಿರ್ತಾರೆ. ಕಂಪನಿಯವನು ಅದಕ್ಕೇ ತಾನೆ ಹಿಡಿ ಕೊಟ್ಟಿದ್ದು? ನಾನೂ ಎಳೀತೀನಿ, ಎಳೀತೀನಿ, ಕೆಂಪಿನ ಕಡೆ ಹೋಗೋದೇ ಇಲ್ಲ."

ಹೋಗುವುದಾದರೂ ಹೇಗೆ? ಒಂಬತ್ತು ವರ್ಷದ ಕೆಳಗೆ ಆ ವ್ಯಾನಿಗೂ ತಣ್ಣಪ್ಪನೇ ಕಟ್ಟು ಹಾಕಿದ್ದ.

ಅವನು ಕೈ ಒರೆಸಿಕೊಂಡ. ಡಯಾಲಿಸಿಸ್ ನಿಲ್ಲಿಸಿದರೆ ಎಷ್ಟು ದಿನ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಒಂದು ವಾರ, ಹೆಚ್ಚೆಂದರೆ ಎರಡು.

ಅಕ್ಕನ ಮನೆ ವರ್ಕ್‌ಶಾಪಿನಿಂದ ನಾಲ್ಕು ಬೀದಿ ಆಚೆ, ಮಹಡಿ ಮೆಟ್ಟಿಲ ಕೆಳಗಿನ ಒಂದೂವರೆ ಕೋಣೆ. ಮಧ್ಯಾಹ್ನದ ಹೊತ್ತಿನಲ್ಲೇ ಅವಳು ಎರಡು ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. ಕಿಟಕಿ ಸಂದಿಗೆಲ್ಲ ಬಟ್ಟೆಯ ಚೂರು ತುರುಕಿದ್ದಳು. ತಮ್ಮನನ್ನು ಕಂಡದ್ದೇ ನಕ್ಕಳು.

"ಬಂದ್ಯಾ? ಆ ಡ್ರೈವರ್ ಬಾಯಲ್ಲಿ ಏನೂ ನಿಲ್ಲಲ್ಲ. ಸಾಯಂಕಾಲದವರೆಗಾದ್ರೂ ಇಟ್ಕೋತಾನೆ ಅಂದ್ಕೊಂಡಿದ್ದೆ."

"ಏನಕ್ಕಾ ಇದು? ಬರಲ್ಲ ಅಂದ್ರೆ ಏನರ್ಥ?"

"ಬರಲ್ಲ ಅಂತ ಅರ್ಥ."

"ಹುಡುಗಾಟ ಆಡಬೇಡ."

"ಅರವತ್ಮೂರಕ್ಕೆ ಇನ್ನೇನು ಹುಡುಗಾಟ ಮರಿ? ಚಳಿ ಕಣೋ. ಮೂಳೆ ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಶುಕ್ರವಾರದ ಚಳಿ ಭಾನುವಾರದವರೆಗೂ ಬಿಡಲ್ಲ. ಬಿಡ್ತು ಅನ್ನೋಷ್ಟರಲ್ಲಿ ಸೋಮವಾರ."

ಅವನು ಅವಳ ಪಾದ ಮುಟ್ಟಿ ನೋಡಿದ. ಬಾವಿಯಿಂದ ಈಗಷ್ಟೇ ಎತ್ತಿದ ಹಾಗಿತ್ತು. ಅಂಗೈಯಲ್ಲಿ ತಿಕ್ಕತೊಡಗಿದ. ತಿಕ್ಕುತ್ತಲೇ ಹೇಳಿದ, "ಅದು ನನ್ನ ತಪ್ಪಕ್ಕ. ನಾನೇ ಆ ಗಾಡಿಯ ಬಿಸಿ ಕಿತ್ತದ್ದು. ಮತ್ತೆ ಹಾಕಿಕೊಡ್ತೀನಿ. ಗಾಡಿ ಬೆಚ್ಚಗಾದ್ರೆ ಬರ್ತೀಯಾ?"

ಅಕ್ಕ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಆಗುತ್ತಾ ನಿನ್ನ ಕೈಲಿ?"

"ಆಗದೆ ಏನು? ಎರಡು ದಿನದ ಕೆಲಸ."

"ಹಾಗಿದ್ರೆ ಮಾಡು. ನೋಡೋಣ."

ನೋಡೋಣ ಎಂದದ್ದನ್ನು ಅವನು ಹೂಂ ಎಂದೇ ಎತ್ತಿಕೊಂಡು ಹೊರಟ.

ಇದೇ ಅಕ್ಕ ಒಂದು ಕಾಲಕ್ಕೆ ಸೆಕೆ ಸೆಕೆ ಎಂದು ಪ್ರಾಣ ಬಿಡುತ್ತಿದ್ದವಳು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ಹೇಳದೆ ಕೇಳದೆ ಎದ್ದುಹೋದ. ಅವಳು ಒಂದು ದಿನ ಅತ್ತು, ಮಾರನೆಯ ದಿನ ಹೊಲಿಗೆ ಯಂತ್ರದ ಮುಂದೆ ಕೂತಳು. ಶಾಲೆಯ ಯೂನಿಫಾರಂ ಹೊಲಿದು ತಮ್ಮನನ್ನು ಸಾಕಿದಳು. ತಗಡಿನ ಮಾಡಿನ ಕೆಳಗೆ ಕಾಲಿನಿಂದ ತುಳಿಯುವ ಯಂತ್ರ. ಬೆವರು ಮೂಗಿನ ತುದಿಯಿಂದ ಬಿಳಿ ಬಟ್ಟೆಗೆ ಬಿದ್ದು ಕಲೆಯಾದೀತೆಂದು ಹಣೆಗೆ ಅಡ್ಡಲಾಗಿ ಒಂದು ಪಟ್ಟಿ ಕಟ್ಟಿಕೊಂಡಿರುತ್ತಿದ್ದಳು. ತಮ್ಮನಿಗೆ ಯಾವ ಕೆಲಸ ಕಲಿಸಬೇಕು ಎಂಬ ಮಾತು ಬಂದಾಗ, "ಲೋಕವನ್ನ ಸ್ವಲ್ಪ ತಣ್ಣಗೆ ಮಾಡೋ ಅಂಥದ್ದು ಯಾವುದಾದರೂ ಇದ್ದರೆ ಅದನ್ನೇ ಕಲಿ" ಎಂದವಳೂ ಅವಳೇ.

ಕೆಲಸ ಕಲಿತು ಅವನು ತಾನೊಬ್ಬನೇ ಮಾಡಿದ ಮೊದಲ ಕಾರು ಯಾರೋ ಗುತ್ತಿಗೆದಾರರದು. ಟೆಸ್ಟು ನೋಡುವ ನೆಪದಲ್ಲಿ ಅದನ್ನು ಅಕ್ಕನ ಮನೆ ಮುಂದೆ ತಂದು ನಿಲ್ಲಿಸಿದ್ದ. ಅಕ್ಕ ಕತ್ತರಿ ಕೈಯಲ್ಲಿ ಹಿಡಿದೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ಗಾಳಿ ಮುಖಕ್ಕೆ ತಾಗಿದಾಗ ಕಣ್ಣು ಮುಚ್ಚಿಕೊಂಡಳು. ಹಣೆಯ ಪಟ್ಟಿ ಬಿಚ್ಚಿದಳು. ಕಾಲು ಗಂಟೆ ಹಾಗೇ ಕೂತಿದ್ದಳು. ಇಳಿಯುವಾಗ ಕಾರಿನ ಬಾಗಿಲನ್ನು ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿ, "ಇನ್ನು ನಿಂಗೆ ಏನೂ ತೊಂದರೆ ಇಲ್ಲ ಬಿಡು" ಎಂದಿದ್ದಳು. ಅದಕ್ಕಿಂತ ದೊಡ್ಡ ಮಾತನ್ನು ಅವನಿಗೆ ಆಮೇಲೆ ಯಾರೂ ಹೇಳಲಿಲ್ಲ.

ಶನಿವಾರ ಇಡೀ ದಿನ ಅವನು ಗುಜರಿ ಅಂಗಡಿಗಳನ್ನು ಸುತ್ತಿದ. ಆ ವ್ಯಾನಿನ ಹೀಟರ್ ಕಾಯಿಲನ್ನು ಕಂಪನಿ ಮಾಡುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಮೂರನೆಯ ಗುಜರಿಯವನು ನಗು ತಡೆಯಲಾರದೆ ಹೇಳಿದ, "ಅಲ್ಲ ಮೇಸ್ತ್ರಿ, ಊರಿನ ಹೀಟರೆಲ್ಲ ಕಿತ್ತು ನನ್ನ ಹತ್ರ ಎಸೆದವರು ನೀವು. ನಾನು ಅದನ್ನೆಲ್ಲ ತೂಕಕ್ಕೆ ಹಾಕಿ ಕರಗಿಸೋಕೆ ಕಳಿಸಿದೆ. ಈಗ ವಾಪಸ್ ಕೊಡು ಅಂದ್ರೆ ಎಲ್ಲಿಂದ ತರ್ಲಿ?"

ತಣ್ಣಪ್ಪ ನಗಲಿಲ್ಲ. ಮಳೆಯಲ್ಲಿ ನೆನೆಯುತ್ತ ಗುಡ್ಡೆಯ ಮೇಲೆ ಗುಡ್ಡೆ ಹತ್ತಿ ಇಳಿದ. ಸಂಜೆ ಹೊತ್ತಿಗೆ ಮಗುಚಿ ಬಿದ್ದ ಒಂದು ಸಣ್ಣ ಟ್ರಕ್ಕಿನ ಹೊಟ್ಟೆಯಲ್ಲಿ ಕಾಯಿಲೊಂದು ಸಿಕ್ಕಿತು. ವ್ಯಾನಿನದಲ್ಲ, ಅದಕ್ಕಿಂತ ಎರಡು ಬೆರಳು ಅಗಲ. ಕೂರಿಸಬಹುದು ಅನ್ನಿಸಿತು. ಬಾಯಿಂದ ಊದಿ, ನೀರಿನಲ್ಲಿ ಮುಳುಗಿಸಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ.

ಭಾನುವಾರ ವ್ಯಾನಿಗೆ ರಜೆ. ಬೆಳಗ್ಗೆ ಆರಕ್ಕೇ ಡ್ಯಾಶ್‌ಬೋರ್ಡು ಬಿಚ್ಚಿದ. ಒಂದು ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ಸ್ಕ್ರೂ ಇರುತ್ತದೆ ಎಂದು ಬಿಚ್ಚಿದವನಿಗೇ ಗೊತ್ತು. ಹೆಂಡತಿ ತಿಂಡಿ ಡಬ್ಬಿ ತಂದವಳು ವಾಪಸ್ಸು ಹೋಗದೆ ಟಾರ್ಚು ಹಿಡಿದು ನಿಂತಳು.

"ರೀ, ಇದನ್ನ ಮತ್ತೆ ಜೋಡಿಸೋಕೆ ಬರುತ್ತೆ ತಾನೆ? ಮನೆಯ ಮಿಕ್ಸಿ ಬಿಚ್ಚಿದ್ದು ಎರಡು ವರ್ಷದಿಂದ ಬಕೆಟ್ಟಲ್ಲಿದೆ."

"ಮಿಕ್ಸಿ ಬೇರೆ, ಇದು ಬೇರೆ. ಬೆಳಕು ಈ ಕಡೆ ಹಿಡಿ."

"ಇದು ಬೇರೆ ಅಂತ ನಂಗೂ ಗೊತ್ತು," ಎಂದಳು ಹೆಂಡತಿ. ದನಿ ತಗ್ಗಿತ್ತು. "ಅತ್ತಿಗೆ ನಿಜವಾಗ್ಲೂ ಈ ಗಾಡಿ ಚಳಿಗೇ ಬರಲ್ಲ ಅಂದ್ರಾ?"

"ಮತ್ತೆ ಇನ್ಯಾವುದಕ್ಕೆ?"

ಹೆಂಡತಿ ಟಾರ್ಚನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

ಒಳಗೆ, ಧೂಳು ಮೆತ್ತಿದ ಕತ್ತಲೆಯಲ್ಲಿ, ಒಂಬತ್ತು ವರ್ಷದ ಹಿಂದೆ ತಾನೇ ಬಿಗಿದ ತಂತಿ ಕಂಡಿತು. ಮೂರು ಸುತ್ತು, ಕೊನೆಗೆ ಎಡಕ್ಕೆ ಒಂದು ತಿರುಚು. ಅದು ಅವನ ಕೈಯ ಗುರುತು. ಎಷ್ಟು ಅಚ್ಚುಕಟ್ಟಾಗಿ ಬಿಗಿದಿದ್ದ ಎಂದರೆ ಇಕ್ಕಳ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ತಂತಿ ತುಂಡಾಗಿ ಬಾಗಿಲು ಸಡಿಲವಾಯಿತು. ಬೆರಳಿನಿಂದ ತಳ್ಳಿದ. ಅದು ಕಿರುಗುಟ್ಟಿ ಅರ್ಧಕ್ಕೆ ನಿಂತಿತು. ಎಣ್ಣೆ ಬಿಟ್ಟ, ಮತ್ತೆ ತಳ್ಳಿದ. ಅಂಚಿನ ಸ್ಪಂಜು ಪುಡಿಪುಡಿಯಾಗಿತ್ತು, ಹೊಸದನ್ನು ಕತ್ತರಿಸಿ ಅಂಟಿಸಿದ. ಕಾಯಿಲಿಗೆ ಜಾಗ ಮಾಡಲು ಹೀಟರ್ ಪೆಟ್ಟಿಗೆಯ ಒಳಗೋಡೆಯನ್ನು ಎರಡು ಬೆರಳು ಕೊಯ್ದ. ಜೋಡಿಸಿದ್ದ ಹೋಸುಗಳನ್ನು ಬಿಡಿಸಿ ಮತ್ತೆ ಕಾಯಿಲಿಗೆ ತಂದು ಕ್ಲಿಪ್ಪು ಬಿಗಿದ. ಕೇಬಲ್ ತುಕ್ಕು ಹಿಡಿದಿತ್ತು, ಬೇರೊಂದು ಗಾಡಿಯದನ್ನು ಅಳತೆಗೆ ಕತ್ತರಿಸಿ ಹಿಡಿಗೆ ಸಿಕ್ಕಿಸಿದ.

ನಾಲ್ಕು ಗಂಟೆಗೆ ಎಂಜಿನ್ ಹಾಕಿದ. ಬಿಸಿಯಾಗುವವರೆಗೆ ಕಾದು ಹಿಡಿಯನ್ನು ನಿಧಾನಕ್ಕೆ ಕೆಂಪಿನ ಕಡೆ ಸರಿಸಿದ. ಹೆಂಡತಿ ಗಾಳಿ ಬರುವ ಕಿಂಡಿಯ ಮುಂದೆ ಅಂಗೈ ಇಟ್ಟಿದ್ದಳು.

"ಬಂತು ರೀ! ಇಸ್ತ್ರಿ ಪೆಟ್ಟಿಗೆ ಆದಂಗಾಯ್ತು!"

ಅವನು ಥರ್ಮಾಮೀಟರಿನ ಕಡ್ಡಿಯನ್ನು ಕಿಂಡಿಗೆ ಸಿಕ್ಕಿಸಿದ. ನೀಲಿಯಲ್ಲಿ ಎಂಟು. ನಡುವೆ ಇಪ್ಪತ್ತಾರು. ಕೆಂಪಿನ ತುದಿಯಲ್ಲಿ ನಲವತ್ತೊಂಬತ್ತು. ಮತ್ತೆ ನೀಲಿಗೆ, ಮತ್ತೆ ಕೆಂಪಿಗೆ. ಕೈ ಹೇಳಿದಂತೆ ಗಾಳಿ ಕೇಳುತ್ತಿತ್ತು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದೇನೋ ಎದ್ದುಹೋದ ಹಾಗಾಯಿತು. ಹೆಂಡತಿಯ ಎದುರು ನಾಚಿಕೆ ಬಿಟ್ಟು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತ.

ಸೋಮವಾರ ವರ್ಕ್‌ಶಾಪಿನ ಬಾಗಿಲು ಎಳೆದು ಅವನೂ ವ್ಯಾನು ಹತ್ತಿದ. ಹೋಗುವಾಗ ಎಲ್ಲರೂ ಗೆಲುವಾಗಿದ್ದರು. ನಾಲ್ಕು ಗಂಟೆ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕಾದ. ಮಧ್ಯಾಹ್ನ ಒಬ್ಬೊಬ್ಬರೇ ಹೊರಗೆ ಬಂದರು. ಡ್ರಾಯಿಂಗ್ ಮೇಷ್ಟ್ರು, ಬೇಕರಿಯ ಹೆಂಗಸು, ಕೊನೆಗೆ ಅಕ್ಕ. ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಎರಡು ಕಿಂಡಿಗಳನ್ನೂ ಅವಳ ಕಡೆಗೆ ತಿರುಗಿಸಿದ. ತಾನು ಹಿಂದೆ ಕೂತು, ಸೀಟಿನ ಸಂದಿಯಿಂದ ಕೈ ಚಾಚಿ ಹಿಡಿಯನ್ನು ಪೂರ್ತಿ ಸರಿಸಿದ.

ಮಳೆ ಸುರಿಯುತ್ತಿತ್ತು. ಗಾಜು ಕನ್ನಡಿಯ ಹಾಗೆ ನಿಚ್ಚಳವಾಗಿತ್ತು. ಡ್ರೈವರು ಒರೆಸುವ ಬಟ್ಟೆಯನ್ನು ತೆಗೆದು ಕಾಲ ಕೆಳಗೆ ಎಸೆದ. "ಮೇಸ್ತ್ರಿ, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕು!"

ಹತ್ತು ನಿಮಿಷಕ್ಕೆ ಬೇಕರಿಯ ಹೆಂಗಸು ಸ್ವೆಟರ್ ಬಿಚ್ಚಿದಳು. ಹದಿನೈದಕ್ಕೆ ಡ್ರಾಯಿಂಗ್ ಮೇಷ್ಟ್ರು ಕಾಲರ್ ಸಡಿಲ ಮಾಡಿಕೊಂಡು, "ಅಯ್ಯಾ ತಣ್ಣಪ್ಪ, ಮೊದಲು ನಮ್ಮನ್ನ ಫ್ರಿಜ್ಜಲ್ಲಿಟ್ಟಿದ್ದೆ, ಈಗ ಒಲೆ ಮೇಲಿಟ್ಟಿದೀಯಲ್ಲ. ಬೇಯೋದಕ್ಕೆ ಇನ್ನೆಷ್ಟು ಹೊತ್ತು?" ಎಂದರು. ಎಲ್ಲರೂ ನಕ್ಕರು. ಡ್ರೈವರಿನ ಕತ್ತಿನಿಂದ ಬೆವರು ಇಳಿಯುತ್ತಿತ್ತು.

ಅಕ್ಕನೂ ನಕ್ಕಳು. ನಗುವಾಗ ಅವಳ ಹಲ್ಲು ಒಂದಕ್ಕೊಂದು ತಾಗಿ ಸದ್ದಾಯಿತು.

"ಅಕ್ಕಾ, ಬೆಚ್ಚಗಿದೆಯಾ?"

"ಚೆನ್ನಾಗಿದೆ ಮರಿ. ಬೆಚ್ಚಗಿದೆ."

ಅವನು ಮುಂದೆ ಬಾಗಿ ಅವಳ ಕೈ ಹಿಡಿದ. ಕಿಂಡಿಯಿಂದ ನಲವತ್ತೊಂಬತ್ತು ಡಿಗ್ರಿ ಗಾಳಿ ನೇರ ಆ ಕೈಯ ಮೇಲೆ ಬೀಳುತ್ತಿತ್ತು. ಚರ್ಮದ ಮೇಲ್ಭಾಗ ಬಿಸಿಯಾಗಿತ್ತು. ಅದರ ಕೆಳಗೆ, ಒಂದು ಕೂದಲೆಳೆಯಷ್ಟು ಕೆಳಗೆ, ಕೈ ನಡುಗುತ್ತಲೇ ಇತ್ತು. ಅವನು ಹಿಡಿಯನ್ನು ಇನ್ನೊಮ್ಮೆ ಕೆಂಪಿನ ಕಡೆಗೆ ತಳ್ಳಿದ. ಅದು ಆಗಲೇ ತುದಿಯಲ್ಲಿತ್ತು. ಆದರೂ ತಳ್ಳಿದ.

"ನಾಳೆ ಕೇಬಲ್ ಇನ್ನೂ ಸ್ವಲ್ಪ ಬಿಗಿ ಮಾಡ್ತೀನಿ," ಎಂದ ಅವಳನ್ನು ಮನೆಯಲ್ಲಿ ಇಳಿಸುವಾಗ. "ಕಾಲಿನ ಹತ್ರ ಬಿಸಿ ಬರೋ ಹಾಗೆ ಇನ್ನೊಂದು ಪೈಪ್ ಎಳೀತೀನಿ. ಬುಧವಾರ ಒಂದಿನ ಬಂದು ನೋಡು."

ಅಕ್ಕ ಸುಮ್ಮನೆ ತಲೆಯಾಡಿಸಿದಳು.

ಮಂಗಳವಾರ ಕೇಬಲ್ ಬಿಗಿ ಮಾಡಿದ, ಪೈಪು ಎಳೆದ. ಬುಧವಾರ ಅಕ್ಕ ಬಂದಳು. ಅವಳನ್ನು ಒಳಗೆ ಮಲಗಿಸಿ ಒಂದು ಗಂಟೆಯಾಗಿತ್ತೇನೋ, ಅವನಿಗೆ ಹೊರಗಿನ ಬೆಂಚಿನಲ್ಲಿ ಕೂರಲಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದ. ಎರಡು ವರ್ಷದಲ್ಲಿ ಒಮ್ಮೆಯೂ ಅವನು ಈ ಬಾಗಿಲು ದಾಟಿರಲಿಲ್ಲ. ಅಕ್ಕನ ಕೈಯಿಂದ ರಕ್ತ ಹೊರಗೆ ಹೋಗುವುದನ್ನು ನೋಡುವ ಧೈರ್ಯ ಇರಲಿಲ್ಲ.

ಅಕ್ಕ ಕಣ್ಣು ಮುಚ್ಚಿದ್ದಳು. ಗಲ್ಲದವರೆಗೆ ಕಂಬಳಿ. ಕಂಬಳಿ ಸಣ್ಣಗೆ ಅಲುಗುತ್ತಿತ್ತು. ಪಕ್ಕದಲ್ಲಿ ಅಲಮಾರಿಯಷ್ಟು ಎತ್ತರದ ಯಂತ್ರ, ಅದರಲ್ಲಿ ಸುತ್ತುವ ಪಂಪು, ಒಳಗೆ ಹೋಗುವ ಒಂದು ಕೆಂಪು ಪೈಪು, ಹೊರಗೆ ಬರುವ ಇನ್ನೊಂದು. ಪೈಪು, ಪಂಪು, ಒತ್ತಡದ ಮುಳ್ಳು. ಅವನ ಕಣ್ಣು ತಾನಾಗಿಯೇ ಓದತೊಡಗಿತು. ಪರದೆಯ ಮೂಲೆಯಲ್ಲಿ ಒಂದು ಅಂಕಿ ನಿಂತಿತ್ತು. 35.5.

"ಸಿಸ್ಟರ್," ಎಂದ ಅವನು, ಪಕ್ಕದ ಹಾಸಿಗೆಯ ಹತ್ತಿರ ನಿಂತಿದ್ದ ನರ್ಸಿಗೆ. "ಇದು ಟೆಂಪರೇಚರಾ?"

"ಹೌದು. ಒಳಗೆ ಓಡೋ ನೀರಿಂದು. ಇದನ್ನ ಹಾದು ಬರೋ ರಕ್ತಾನೂ ಸುಮಾರು ಅಷ್ಟೇ ಆಗುತ್ತೆ."

"ಮೈ ಬಿಸಿ ಮೂವತ್ತೇಳಲ್ವಾ? ಇದು ಒಂದೂವರೆ ಕಡಿಮೆ ಇದೆ. ನಾಲ್ಕು ಗಂಟೆ ಹಿಂಗೇ ತಣ್ಣಗೆ ಮಾಡಿ ಮಾಡಿ ಒಳಗೆ ಕಳಿಸ್ತಿದೀರಾ?" ಅವನ ದನಿ ಏರಿತು. ಸಿಟ್ಟಿನಿಂದಲ್ಲ, ಸಿಕ್ಕಿತಲ್ಲ ಎಂಬ ಆಸೆಯಿಂದ. "ಹಿಂಗಾದ್ರೆ ಗಾಡಿಯಲ್ಲಿ ನಾನೇನು ಬಿಸಿ ಬಿಟ್ರೂ ಹೊರಗಿಂದ ಹೊರಗೇ ಹೋಗುತ್ತೆ. ಸ್ವಲ್ಪ ಏರಿಸಿ ಸಿಸ್ಟರ್. ಏರಿಸೋಕೆ ಬರುತ್ತೆ ತಾನೆ?"

ನರ್ಸು ಅವನ ಎಣ್ಣೆ ಕಲೆಯ ಅಂಗಿಯನ್ನೂ ಮುಖವನ್ನೂ ನೋಡಿದಳು. ಸೀರಿಯಸ್ಸಾಗಿ ಕೇಳುತ್ತಿದ್ದಾನೆ ಎಂದು ಗೊತ್ತಾದ ಮೇಲೆ ನಿಂತು ಹೇಳಿದಳು.

"ಬರುತ್ತೆ ಅಣ್ಣ. ಬೇರೆಯವರಿಗೆಲ್ಲ ಜಾಸ್ತೀನೇ ಇಡ್ತೀವಿ. ನಿಮ್ಮಕ್ಕಂಗೆ ಮೈಯಿಂದ ನೀರು ತೆಗೀತಾ ಹೋದ ಹಾಗೆ ಬಿಪಿ ಇಳಿದುಹೋಗುತ್ತೆ, ಹೃದಯ ತಡ್ಕೊಳ್ಳಲ್ಲ. ತಣ್ಣಗಿದ್ರೆ ರಕ್ತನಾಳ ಬಿಗಿ ಹಿಡ್ಕೊಂಡಿರುತ್ತೆ, ಬಿಪಿ ನಿಲ್ಲುತ್ತೆ. ಹೋದ ತಿಂಗಳು ಚಳಿ ಅಂತ ತುಂಬ ಅತ್ತರು. ಪಾಪ ಅಂತ ಡಾಕ್ಟ್ರನ್ನ ಕೇಳಿ ಒಂದು ಡಿಗ್ರಿ ಏರಿಸಿದ್ವಿ. ಅರ್ಧ ಗಂಟೆಗೆ ಜ್ಞಾನ ತಪ್ಪಿತು. ನಾವೆಲ್ಲ ಓಡಾಡಿದ್ದು ನೋಡ್ಬೇಕಿತ್ತು ನೀವು. ನಿಮಗೆ ಹೇಳಿಲ್ವಾ ಅವರು?"

"ಇಲ್ಲ."

"ನಡುವೆ, ಮೂವತ್ತಾರಕ್ಕೂ ಇಟ್ಟು ನೋಡಿದ್ವಿ. ಅದೂ ಆಗಲಿಲ್ಲ."

ಅವನು ಆ ಅಂಕಿಯ ಮುಂದೆ ನಿಂತೇ ಇದ್ದ. ಯಾರಾದರೂ ಅರ್ಥವಾಗದ ಮಾತಿನಲ್ಲಿ ಹೇಳಿದ್ದರೆ ವಾದ ಮಾಡಬಹುದಿತ್ತು. ಇನ್ನೊಬ್ಬ ಡಾಕ್ಟರನ್ನು ಹುಡುಕುತ್ತೇನೆ ಎನ್ನಬಹುದಿತ್ತು. ನರ್ಸು ಹೇಳಿದ್ದು ಒಂದಕ್ಷರ ಬಿಡದೆ ಅರ್ಥವಾಗಿತ್ತು. ಏರಿಸಿದರೆ ಹೃದಯ ನಿಲ್ಲುತ್ತದೆ, ಇಳಿಸಿದರೆ ಮೈ ನಡುಗುತ್ತದೆ. ಕಿತ್ತು ಬೇರೆ ಹಾಕಲು ಇಲ್ಲಿ ಯಾವ ಭಾಗವೂ ಇರಲಿಲ್ಲ. ಬೆರಳು ಚಾಚಿದರೆ ಮುಟ್ಟುವಷ್ಟು ಹತ್ತಿರ ಗುಂಡಿ ಇತ್ತು, ಮೇಲಕ್ಕೆ ಒಂದು ಬಾಣ, ಕೆಳಕ್ಕೆ ಒಂದು ಬಾಣ. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

ನರ್ಸು ಆಚೆ ಹೋದಳು. ಅಕ್ಕ ಕಣ್ಣು ಬಿಟ್ಟಿದ್ದಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ.

"ಇಲ್ಲಿಗೂ ಮೂಗು ತೂರಿಸಿದ್ಯಾ?"

"ಗೊತ್ತಿತ್ತಾ ನಿಂಗೆ?"

"ಹೂಂ."

"ಮತ್ತೆ ಗಾಡಿ ಗಾಡಿ ಅಂತ ಯಾಕೆ ಹೇಳಿದೆ?"

ಅಕ್ಕ ಉಸಿರು ಸುಧಾರಿಸಿಕೊಂಡಳು. "ನೀನೇ ಹೇಳಿದ್ದು ಕಣೋ, ನನ್ನ ತಪ್ಪು, ನಾನು ಸರಿಮಾಡ್ತೀನಿ ಅಂತ. ನಿನ್ನ ಮುಖ ನೋಡಿದೆ. ಇಲ್ಲ, ಇದು ಗಾಡಿದಲ್ಲ ಅಂತ ಹೇಳಿದ್ರೆ ನೀನು ಅಲ್ಲೇ ಕೂತ್ಕೊಂಡು ಅಳ್ತಿದ್ದೆ. ಕೈಲಿ ಒಂದು ಕೆಲಸ ಇರ್ಲಿ ಅಂತ ಸುಮ್ಮನಾದೆ. ಮೇಷ್ಟ್ರಿಗೆ, ಆ ಬೇಕರಿಯವಳಿಗೆ ಒಳ್ಳೇದೇ ಆಯ್ತಲ್ಲ. ಅವರು ಇನ್ನೂ ತುಂಬ ದಿನ ಓಡಾಡೋರು."

"ನೀನೂ ಓಡಾಡ್ತೀಯ."

"ಇಲ್ಲ ಮರಿ."

ಪಂಪು ಸುತ್ತುತ್ತಿತ್ತು. ಪರದೆಯ ಮೇಲೆ ಅಂಕಿ ಮಿಸುಕದೆ ನಿಂತಿತ್ತು.

"ಸಿಟ್ಟಿಂದ ಹೇಳ್ತಿಲ್ಲ. ಬೇಜಾರಿಂದಾನೂ ಅಲ್ಲ. ಎರಡು ವರ್ಷ ನೋಡಿದೆ. ಇವತ್ತಿಗೆ ಸಾಕು ಅನ್ನಿಸ್ತಿದೆ. ಡಾಕ್ಟ್ರ ಹತ್ರ ಮಾತಾಡಿದೀನಿ. ಬಲವಂತ ಮಾಡಲ್ಲ ಅಂದ್ರು, ನೋವಿಲ್ಲದ ಹಾಗೆ ನೋಡ್ಕೋತಾರಂತೆ. ಒಂದು ಕಾಗದ ಇದೆ. ನನ್ನ ಸಹಿ ಹಾಕಿಬಿಟ್ಟೆ. ಕೆಳಗೆ ಮನೆಯವರು ಒಬ್ಬರದ್ದು ಬೇಕಂತೆ. ಮನೆಯವರು ಅಂದ್ರೆ ನಂಗೆ ಇನ್ಯಾರಿದ್ದಾರೆ?"

ತಣ್ಣಪ್ಪ ಯಂತ್ರದ ಹಿಂಭಾಗವನ್ನು ನೋಡುತ್ತಿದ್ದ. ಪೈಪುಗಳು ಎಲ್ಲಿಂದ ಹೊರಟು ಎಲ್ಲಿ ಸೇರುತ್ತವೆ ಎಂದು ಮತ್ತೊಮ್ಮೆ, ಮೊದಲಿನಿಂದ.

"ಲೋ, ಇಲ್ಲಿ ನೋಡು."

ಅವನು ನೋಡಲಿಲ್ಲ.

"ಕಾಲಿನ ಹತ್ರದ ಪೈಪ್ ಇನ್ನೂ ಸ್ವಲ್ಪ ಉದ್ದ ಬೇಕು," ಎಂದ. "ಸೀಟಿನ ಕೆಳಗಿಂದ ತಂದ್ರೆ..."

"ಕಾಗದ ಸಿಸ್ಟರ್ ಮೇಜಿನ ಮೇಲಿದೆ," ಎಂದಳು ಅಕ್ಕ, ಮಗುವಿಗೆ ಹೇಳುವಷ್ಟು ಮೆತ್ತಗೆ. "ಇವತ್ತೇ ಆಗ್ಬೇಕು ಅಂತಿಲ್ಲ. ಶುಕ್ರವಾರದೊಳಗೆ ಹಾಕಿದ್ರೆ ಆಯ್ತು. ನೀನು ಹಾಕೋವಾಗ ನಾನು ಪಕ್ಕದಲ್ಲೇ ಇರ್ತೀನಿ. ಮತ್ತೆ ಇನ್ನೊಂದು ವಿಷ್ಯ, ನನ್ನ ಮನೆ ಬೀಗದ ಕೈ..."

ತಣ್ಣಪ್ಪ ಕಂಕುಳಿನಿಂದ ಕೈ ತೆಗೆದು, ಅವಳ ಕಾಲಿನ ಮೇಲೆ ಸರಿದಿದ್ದ ಕಂಬಳಿಯನ್ನು ಎಳೆದು ಸುತ್ತ ಒತ್ತಿದ. ಆಮೇಲೆ ತಿರುಗಿ ನಡೆದ. ಹಾಸಿಗೆಗಳ ನಡುವಿನ ದಾರಿಯಲ್ಲಿ, ಸಹಿಯ ಕಾಗದವಿದ್ದ ಮೇಜನ್ನು ದಾಟಿ, ಬಾಗಿಲು ತಳ್ಳಿಕೊಂಡು. ಬೀಗದ ಕೈಯನ್ನು ಎಲ್ಲಿಟ್ಟಿದ್ದೇನೆ ಎಂದು ಅಕ್ಕ ಅವನ ಬೆನ್ನಿಗೆ ಹೇಳುತ್ತಲೇ ಇದ್ದಳು.